ಹನ್ನೆರಡು ಸಾಕ್ಷಿಗಳ ಕಾವಲಕ್ಕ

ಬೆಳಕು ಇನ್ನೂ ಪೂರ್ತಿ ಬಿಟ್ಟಿಲ್ಲ. ಹೊಸದಾಗಿ ತೋಡಿದ, ಇನ್ನೂ ನೀರನ್ನೇ ಕಾಣದ ಕಾಲುವೆಯ ತಳದಲ್ಲಿ ಐವತ್ತೈದು ದಾಟಿದ ಹೆಂಗಸೊಬ್ಬರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲನೆ ನಡೆಯುತ್ತಿದ್ದಾರೆ. ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು. ಕಾಲುವೆಯ ನಟ್ಟನಡುವೆ, ದೂರದೂರಕ್ಕೆ ಒಂದರಂತೆ, ಮಣ್ಣಿನ ಕಂಬಗಳು ನಿಂತಿವೆ. ಆಳಿಗಿಂತ ಒಂದು ಗೇಣು ಎತ್ತರ. ಬುಡ ದಪ್ಪ, ತುದಿ ಊಟದ ತಟ್ಟೆಯಷ್ಟೇ ಅಗಲ. ಪ್ರತಿ ಕಂಬದ ಸುತ್ತ ನಾಲ್ಕು ಬಿದಿರಿನ ಗಳು ನೆಟ್ಟು, ಅವುಗಳ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಚಪ್ಪರದಂತೆ ಕಟ್ಟಿದ್ದಾರೆ.

ಹೆಂಗಸು ಮೊದಲ ಕಂಬದ ಹತ್ತಿರ ನಿಲ್ಲುತ್ತಾರೆ. ಹಾಳೆಯ ಮೇಲೆ ನಿಂತ ಇಬ್ಬನಿಯನ್ನು ಕೋಲಿನ ತುದಿಯಿಂದ ಆಚೆಗೆ ಜಾರಿಸುತ್ತಾರೆ. ಒಂದು ಹನಿಯೂ ಕಂಬದ ಮೇಲೆ ಬೀಳುವುದಿಲ್ಲ. ಹಗ್ಗ ಬಿಚ್ಚಿ, ಹಾಳೆ ಸರಿಸಿ, ಕಂಬಕ್ಕೆ ಒಂದು ಸುತ್ತು ಬರುತ್ತಾರೆ. ಸಂತೆಯಲ್ಲಿ ದನ ಕೊಳ್ಳುವವರ ಹಾಗೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡುತ್ತಾರೆ. ಕೈ ಮಾತ್ರ ತಾಗಿಸುವುದಿಲ್ಲ.

“ಮುಟ್ಟಿದ್ರೆ ಮುಗೀತು. ನೋಡೋದಷ್ಟೇ ನನ್ನ ಕೆಲಸ,” ಎನ್ನುತ್ತಾ ಎರಡನೆಯದರ ಕಡೆಗೆ ಹೆಜ್ಜೆ ಹಾಕುತ್ತಾರೆ. ಚಪ್ಪಲಿ ಯಾಕೆ ಕೈಯಲ್ಲಿ ಎಂದು ಕೇಳಿದರೆ, “ನೆಲ ಎಷ್ಟು ತೇವ ಕುಡಿದಿದೆ ಅಂತ ಕಾಲಿಗೆ ಗೊತ್ತಾಗುತ್ತೆ. ಚಪ್ಪಲಿಗೇನು ಗೊತ್ತಾಗುತ್ತೆ, ಪಾಪ!” ಎಂದು ನಗುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಕಾವಲಕ್ಕ ಎನ್ನುತ್ತಾರೆ. ಬಾಯಿತಪ್ಪಿ ಗಂಡನೂ ಒಮ್ಮೊಮ್ಮೆ ಹಾಗೇ ಕರೆಯುವಷ್ಟು ಆ ಹೆಸರು ಅಂಟಿದೆ. ಇವರು ಕಾಯುವುದು ಹಣವನ್ನಲ್ಲ, ಸಿಮೆಂಟನ್ನಲ್ಲ, ಯಂತ್ರವನ್ನೂ ಅಲ್ಲ. ಅಗೆಯದೆ ಬಿಟ್ಟ ಮಣ್ಣನ್ನು.

ನೆಲ ಅಗೆಯುವ ಕೆಲಸದಲ್ಲಿ ಒಂದು ಹಳೆಯ ತೊಡಕಿದೆ. ಗೋಡೆ ಕಟ್ಟಿದವನು ಗೋಡೆ ತೋರಿಸಿ ಕೂಲಿ ಕೇಳಬಹುದು. ಗುಂಡಿ ತೋಡಿದವನು ಏನನ್ನು ತೋರಿಸಬೇಕು? ಖಾಲಿ ಜಾಗವನ್ನು. ಎಷ್ಟು ಆಳ ತೋಡಿದೆ ಎಂದು ಹೇಳಬೇಕಾದರೆ ಮೊದಲು ನೆಲ ಎಲ್ಲಿತ್ತು ಎಂದು ಗೊತ್ತಿರಬೇಕು. ಆ ನೆಲವೋ ಲಾರಿ ಹತ್ತಿ ಹೋಗಿಯಾಗಿದೆ. ಎರಡೂ ದಡದ ಮೇಲೆ ಏರಿ ಹಾಕಿ, ಅಲ್ಲಿದ್ದ ನೆಲವೂ ಮುಚ್ಚಿಹೋಗಿದೆ. ಅದಕ್ಕೇ ಅಗೆಯುವವರು ನಡುನಡುವೆ ಹಳೆಯ ನೆಲದ ಒಂದೊಂದು ತುಣುಕನ್ನು ಮುಟ್ಟದೆ ಬಿಡುತ್ತಾರೆ. ಸುತ್ತಲ ಮಣ್ಣು ಹೋಗುತ್ತದೆ, ಅದು ಕಂಬವಾಗಿ ಉಳಿಯುತ್ತದೆ. ಅದರ ನೆತ್ತಿಯೇ ಹಳೆಯ ನೆಲ, ಒಣಹುಲ್ಲಿನ ಸಮೇತ. ನೆತ್ತಿಯಿಂದ ತಳಕ್ಕೆ ಅಳೆದರೆ ತೋಡಿದ ಆಳ ಸಿಕ್ಕಿತು. ಕೆಲಸದವರು ಇದನ್ನು ‘ಸಾಕ್ಷಿ’ ಎನ್ನುತ್ತಾರೆ. ಕಾಲುವೆಯ ಈ ತುಂಡಿನಲ್ಲಿ ಅಂಥ ಹನ್ನೆರಡು ಸಾಕ್ಷಿಗಳಿವೆ.

ಸಾಕ್ಷಿ ಬೇಕಾಗುವುದು ಜಗಳ ಬಂದಾಗ. ಇಲ್ಲಿ ಜಗಳ ಇರುವುದು ಗುತ್ತಿಗೆದಾರರಿಗೂ ನೀರಾವರಿ ಇಲಾಖೆಗೂ. ಅಗೆತ ಶುರುವಾಗುವ ಮೊದಲು ಇಬ್ಬರೂ ನೆಲದ ಮಟ್ಟ ಅಳೆದಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ಗುರುತುಕಲ್ಲಿನಿಂದ ಅಳತೆ ಹಿಡಿದಿದ್ದರಿಂದ, ಗುತ್ತಿಗೆದಾರರ ನೆಲ ಇಲಾಖೆಯ ನೆಲಕ್ಕಿಂತ ಒಂದು ಗೇಣು ಮೇಲಿದೆ. ಗುತ್ತಿಗೆದಾರರು ತಮ್ಮ ಲೆಕ್ಕದ ಬಿಲ್ಲು ಕೊಟ್ಟರು, ಇಲಾಖೆ ಒಪ್ಪಲಿಲ್ಲ. ಇಲಾಖೆ ತನ್ನ ಲೆಕ್ಕ ಹೇಳಿತು, ಗುತ್ತಿಗೆದಾರರು ಒಪ್ಪಲಿಲ್ಲ. ತಕರಾರು ಇದ್ದದ್ದು ಒಂದು ಗೇಣಿನ ಮೇಲೆ, ನಿಂತದ್ದು ಪೂರ್ತಿ ಬಿಲ್ಲು.

ಈ ತುಂಡಿನ ಮೇಲೆ ವಿದ್ಯುತ್ ತಂತಿಗಳು ಹಾದುಹೋಗಿವೆ. ದೊಡ್ಡ ಯಂತ್ರ ಇಲ್ಲಿ ಕೈ ಎತ್ತುವಂತಿಲ್ಲ. ಹಾಗಾಗಿ ಇಡೀ ಬೇಸಿಗೆ ಗುದ್ದಲಿ, ಪಿಕಾಸಿಗಳಲ್ಲೇ ತೋಡಿದ್ದು ಇಪ್ಪತ್ತೈದು ಜನರ ಒಂದು ಗುಂಪು. ಗುತ್ತಿಗೆದಾರರಿಗೆ ಬಿಲ್ಲು ಬರದೆ ಇವರಿಗೆ ಕೂಲಿ ಇಲ್ಲ. ಮಳೆಗಾಲ ಬಂತು, ಹೋಯಿತು. ಆಗಾಗ ಸಿಗುವ ಚಿಲ್ಲರೆ ಮುಂಗಡದ ಮೇಲೆ ಗುಂಪು ದಿನ ದೂಡುತ್ತಿದೆ. ಕೊನೆಗೆ ಎರಡು ಕಡೆಯವರೂ ಒಂದು ಮಾತಿಗೆ ಬಂದಿದ್ದಾರೆ: ಕಾಗದ ಬದಿಗಿಡೋಣ, ಸಾಕ್ಷಿ ಅಳೆಯೋಣ. ಆ ಅಳತೆ ಇವತ್ತು.

ಗುಂಪಿನ ಮೇಸ್ತ್ರಿ ಕಾವಲಕ್ಕನ ಸ್ವಂತ ತಮ್ಮ. ತಮ್ಮ ಮೇಸ್ತ್ರಿ, ಅಕ್ಕ ಕಾವಲು. ಕೇಳಿದವರಿಗೆ ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟಂತೆ ಕಾಣಬಹುದು. ಇಲಾಖೆಯವರಿಗೂ ಮೊದಲು ಹಾಗೇ ಕಂಡಿತ್ತು. ಆದರೆ ಸುತ್ತಮುತ್ತ ಈ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಸಂಬಳ ಗುತ್ತಿಗೆದಾರರದು, ಒಪ್ಪಿಗೆ ಇಲಾಖೆಯದು ಎಂದು ಮಾತಾಯಿತು. ಆ ಸಂಬಳವೂ ಈಗ ಅದೇ ಬಿಲ್ಲಿನ ಜೊತೆ ಸಿಕ್ಕಿಕೊಂಡಿದೆ.

ಕಾವಲಕ್ಕ ಹುಟ್ಟಿದ್ದೇ ಮಣ್ಣು ಅಗೆಯುವವರ ಮನೆಯಲ್ಲಿ. ನಡೆಯಲು ಕಲಿತದ್ದು ಒಂದು ಕಾಲುವೆಯ ಏರಿಯ ಮೇಲೆ, ಮದುವೆಯಾದದ್ದು ಇನ್ನೊಂದು ಕಾಲುವೆಯ ಏರಿಯ ಮೇಲೆ. ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ತೆಳುವಾಗಿದೆ. ಒಮ್ಮೆ ದೂರದ ಕೆಲಸವೊಂದರಲ್ಲಿ ಹೀಗೇ ಬಿಲ್ಲು ನಿಂತಿತ್ತು. ಅಳತೆಗೆ ಜನ ಬರುವ ಹೊತ್ತಿಗೆ ಸಾಕ್ಷಿಗಳೇ ಇರಲಿಲ್ಲ. ಮೂರನ್ನು ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಕೆಡವಿತ್ತು, ಉಳಿದವನ್ನು ಮಳೆ ತಿಂದಿತ್ತು. ಅಳೆಯುವವರು ತಮಗೆ ತೋಚಿದಷ್ಟು ಬರೆದುಕೊಂಡು ಹೋದರು.

“ಮೂರು ಹೊತ್ತು ಅಗೆದಿದ್ವಿ, ಎರಡು ಹೊತ್ತಿನ ಕೂಲಿ ಬಂತು. ಯಾರನ್ನ ಬೈಯೋದು? ಮಳೆನಾ? ಅವತ್ತು ನಾನು ಬುಟ್ಟಿ ಕೆಳಗಿಟ್ಟೆ. ನೀವು ಅಗೀರಿ, ಇದನ್ನ ನಾನು ನೋಡ್ಕೋತೀನಿ ಅಂದೆ. ಗಂಡಸರೆಲ್ಲ ನಕ್ಕರು, ಮಣ್ಣಿಗೂ ಕಾವಲಾ ಅಂತ. ಮುಂದಿನ ಬಿಲ್ಲು ಪೂರ್ತಿ ಬಂದಾಗ ನಗು ನಿಂತಿತು,” ಎನ್ನುತ್ತಾರೆ.

ಮಣ್ಣಿಗೆ ಶತ್ರುಗಳು ಒಂದೆರಡಲ್ಲ. ಮಳೆ ಗೊತ್ತೇ ಇದೆ. ಗಾಳಿಗೆ ಹಾಳೆ ಬಡಿದು ಬಡಿದು ನೆತ್ತಿ ಸವೆಯುತ್ತದೆ; ಅದಕ್ಕೇ ಹಾಳೆ ಕಂಬಕ್ಕೆ ತಾಗದಂತೆ ಗಳುಗಳ ಮೇಲೆ ನಿಲ್ಲಬೇಕು. ನಾಯಿ ಬುಡ ಕೆರೆಯುತ್ತದೆ. ಶಾಲೆ ಬಿಟ್ಟ ಮಕ್ಕಳಿಗೆ ಕಲ್ಲು ಹೊಡೆಯಲು ಇದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಏಣಿ ತಂದು, ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಲು ನೋಡಿತ್ತಂತೆ. ಎಲ್ಲಕ್ಕಿಂತ ಕಷ್ಟದ್ದು ಮೇಕೆ. “ಕುರಿ ತಲೆ ತಗ್ಗಿಸಿ ಹೋಗುತ್ತೆ. ಮೇಕೆಗೆ ಎತ್ತರ ಕಂಡ್ರೆ ಆಫೀಸರ್ ಆಗಬೇಕು ಅನ್ಸುತ್ತೆ,” ಎಂದು ಕಾವಲಕ್ಕ ಕೋಲು ಕುಟ್ಟುತ್ತಾರೆ.

ಇಷ್ಟು ಕಾದರೂ ಸಾಕ್ಷಿ ಕೆಡುವುದುಂಟು. ಆಗ ಏನು ಮಾಡಬೇಕು ಎಂಬುದಕ್ಕೆ ಇವರದು ಒಂದೇ ಉತ್ತರ: ಏನೂ ಮಾಡಬಾರದು.

“ಮಳೆಗೆ ಎರಡು ಬೆರಳು ಕರಗಿತು ಅಂದ್ಕೊಳ್ಳಿ. ಒಂದು ಹಿಡಿ ಮಣ್ಣು ಕಲಸಿ ಮೆತ್ತಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಅವತ್ತಿಂದ ಅದು ನೆಲ ಅಲ್ಲ, ನಾನು ಮಾಡಿದ ಬೊಂಬೆ. ಕರಗಿದ್ರೆ ಕರಗಲಿ. ಸೇರಿಸಬಾರದು, ತೆಗೀಲೂಬಾರದು.”

ಮಾತಾಡುತ್ತಾ ಆಡುತ್ತಾ ಏಳನೆಯ ಸಾಕ್ಷಿಗೆ ಬಂದಾಗ ಕಾವಲಕ್ಕ ಕೋಲು ಊರಿ ನಿಲ್ಲುತ್ತಾರೆ. ಇದರ ಸುತ್ತ ಗಳುಗಳಿಲ್ಲ. ಇಲ್ಲಿ ತಳದಲ್ಲಿ ಬಂಡೆ. ಗಳು ನೆಡಲು ಗುಂಡಿಯೇ ಬೀಳುವುದಿಲ್ಲ. ಮಳೆ ಜೋರಾದಾಗ ಬೇರೆ ದಾರಿ ಕಾಣದೆ ಹಾಳೆಯನ್ನು ನೆತ್ತಿಗೇ ಹೊದಿಸಿ, ಹಗ್ಗ ಸುತ್ತಿ, ಕಲ್ಲು ಇಳಿಬಿಟ್ಟಿದ್ದರು. ನಾಲ್ಕು ದಿನಕ್ಕೆ ಅಂದುಕೊಂಡದ್ದು ಮಳೆಗಾಲ ಪೂರ್ತಿ ಹಾಗೇ ಉಳಿಯಿತು. ಹಾಳೆಯ ಕೆಳಗೆ ಕತ್ತಲು, ಬೆಚ್ಚಗೆ, ಒಳ್ಳೆಯ ತೇವ. ಗೆದ್ದಲಿಗೆ ಇನ್ನೇನು ಬೇಕು? ಮೊನ್ನೆ ಹಾಳೆ ಬಿಚ್ಚಿ ನೋಡಿದರೆ ಒಣಹುಲ್ಲು ಮಾಯ. ಅದರ ಜಾಗದಲ್ಲಿ ಹುಳುಗಳು ಕಟ್ಟಿದ ಕೆಮ್ಮಣ್ಣಿನ ದಿಂಡು. ಕಾವಲಕ್ಕನ ಅಂದಾಜಿಗೆ ಸಾಕ್ಷಿ ನಾಲ್ಕು ಬೆರಳು ಬೆಳೆದಿದೆ.

“ಸಾಕ್ಷಿ ಕರಗಿದ್ದು ನೋಡಿದೀನಿ, ಬಿದ್ದಿದ್ದು ನೋಡಿದೀನಿ. ಬೆಳೆದಿದ್ದು ಇದೇ ಮೊದಲು,” ಎನ್ನುತ್ತಾರೆ. ಈ ಸಲ ನಗುವುದಿಲ್ಲ.

ಈ ಸುದ್ದಿ ಗೊತ್ತಿರುವುದು ಮನೆಯವರಿಬ್ಬರಿಗೆ ಮಾತ್ರ: ಗಂಡನಿಗೆ, ತಮ್ಮನಿಗೆ.

ಮನೆ ಎಂದರೆ ಏರಿಯ ಮೇಲಿನ ಒಂದು ತಗಡಿನ ಕೋಣೆ. ಒಂದು ಮಂಚ, ಒಂದು ಒಲೆ, ಮೂಲೆಯಲ್ಲಿ ಹಗ್ಗದ ಸಿಂಬೆಗಳು, ಮಡಿಸಿಟ್ಟ ಹಾಳೆಗಳು. ಗಂಡ ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡು ಚಹಾ ಕುದಿಸುತ್ತಿದ್ದಾರೆ. ಹಿಂದೊಮ್ಮೆ ಕಾಲುವೆಯ ಅಂಚು ಜರಿದು ಮೈಮೇಲೆ ಬಿದ್ದು ಸೊಂಟ ಹೋಯಿತು. ಅಂದಿನಿಂದ ಬಗ್ಗುವ ಕೆಲಸವಿಲ್ಲ. ಅಡುಗೆ ಅವರದು. ಏರಿಯ ಮೇಲೆ ಕೂತು ದೂರದ ಮೇಕೆಗಳನ್ನು ಕಂಡು ಸಿಳ್ಳೆ ಹಾಕುವುದೂ ಅವರದೇ. “ನಾನು ಮೇಲಿನ ಅಧಿಕಾರಿ, ಅವಳು ಕೆಳಗಿನ ಅಧಿಕಾರಿ. ಸಂಬಳ ಮಾತ್ರ ಒಂದೇ, ಅದೂ ಅವಳ ಹೆಸರಲ್ಲಿ,” ಎನ್ನುತ್ತಾರೆ.

ಚಹಾ ಲೋಟಕ್ಕೆ ಬೀಳುವ ಹೊತ್ತಿಗೆ ಮೇಸ್ತ್ರಿ ಬರುತ್ತಾರೆ. ಅಕ್ಕನಿಗಿಂತ ಏಳೆಂಟು ವರ್ಷ ಚಿಕ್ಕವರು. ಕೂರುವುದಿಲ್ಲ, ನಿಂತೇ ಮಾತು ಶುರು.

“ಅಕ್ಕ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರು.”

“ಚಹಾ ತಣ್ಣಗಾಗ್ತಿದೆ, ಕುಡಿ.”

“ಮಾತು ಮರೆಸಬೇಡ. ನೀನು ಮಣ್ಣು ಹಾಕಿದ್ಯಾ? ಇಲ್ಲ. ನಾನು ಹಾಕಿದ್ನಾ? ಇಲ್ಲ. ಹುಳ ಹಾಕಿದ್ದು. ಗೆದ್ದಲೂ ನಮ್ಮ ಗುಂಪಿನ ಆಳು, ರಾತ್ರಿ ಪಾಳಿ ಮಾಡಿದೆ ಅಂದ್ಕೋ.”

ಒಲೆಯ ಕಡೆಯಿಂದ ಭಾವನ ದನಿ: “ಹಾಗಾದ್ರೆ ಅದರ ಕೂಲೀನೂ ಬಾಕಿ ಇಟ್ಟಿದೀಯೇನೋ?”

“ಭಾವ, ನೀವೊಂದು ಸುಮ್ನಿರಿ. ನಾಲ್ಕು ಬೆರಳು ಅಂದ್ರೆ ಎಷ್ಟಾಯ್ತು? ಆ ಸಾಕ್ಷಿ ಪಾಲಿನ ಜಾಗದಲ್ಲಿ ಒಂದು ಏಳೆಂಟು ಲಾರಿ ಮಣ್ಣು. ನಮಗದು ಅರ್ಧ ದಿನದ ಕೆಲಸ. ಆ ದುಡ್ಡು ನನಗೆ ಬೇಡ, ಹೊಳೆಗೆ ಹಾಕಿ. ಆದ್ರೆ ಇವಳು ಒಂದು ಬೆಳೆದಿದೆ ಅಂದ್ಲು ಅಂದ್ರೆ, ಅವರು ಹನ್ನೆರಡೂ ಬೆಳೆದಿದೆ ಅಂತಾರೆ. ಅರ್ಧ ದಿನದ ಸತ್ಯಕ್ಕೆ ಒಂದು ಬೇಸಿಗೆ ಕೂಲಿ ಹೋಗುತ್ತೆ.”

ಕಾವಲಕ್ಕ ಲೋಟವನ್ನು ತಮ್ಮನ ಕಡೆಗೆ ಸರಿಸುತ್ತಾರೆ. ಮೇಸ್ತ್ರಿ ದನಿ ತಗ್ಗಿಸುತ್ತಾರೆ.

“ಹೋಗಲಿ, ಅವರು ಬರೋದರೊಳಗೆ ಮೇಲಿಂದ ಕೆರೆದು ಹಾಕಿಬಿಡು.”

“ಎಷ್ಟು ಕೆರೀಲಿ? ಹಳೇ ನೆಲ ಎಲ್ಲಿದೆ ಅಂತ ನನಗೆ ಕಾಣುತ್ತೇನೋ? ಒಂದು ಬೆರಳು ಹೆಚ್ಚು ಕೆರೆದ್ರೆ ನಿಮಗೆ ನಷ್ಟ. ಒಂದು ಬೆರಳು ಕಡಿಮೆ ಕೆರೆದ್ರೆ ಅವರಿಗೆ ಮೋಸ. ಕೈ ಹಾಕಿದ್ದು ಅಂತೂ ಎದ್ದು ಕಾಣುತ್ತೆ.”

“ನಿನ್ನ ತಮ್ಮನ ಮನೆ ಒಲೆ ಒಂದಿದೆ ಅಂತ ನೆನಪಿರಲಿ, ಅಷ್ಟೇ.”

“ನನ್ನ ಒಲೇನೂ ಅದೇ ಬಿಲ್ಲಿಂದಲೇ ಉರೀಬೇಕು ಕಣೋ.”

ಮೇಸ್ತ್ರಿ ಲೋಟ ಮುಟ್ಟದೆ ಹೊರಟುಹೋಗುತ್ತಾರೆ. ಗಂಡ ಆ ಚಹಾವನ್ನು ಮತ್ತೆ ಪಾತ್ರೆಗೆ ಸುರಿಯುತ್ತಾರೆ. “ಬೆಳಗ್ಗೆ ಬೆಳಗ್ಗೆ ಚಹಾ ಬಿಟ್ಟು ಹೋಗೋನಲ್ಲ ಅವನು. ಹೆದರಿದಾನೆ,” ಎಂದಷ್ಟೇ ಹೇಳುತ್ತಾರೆ.

ಬಿಸಿಲು ಏರುವ ಹೊತ್ತಿಗೆ ಇಲಾಖೆಯ ಜೀಪು ಬರುತ್ತದೆ. ಇಳಿದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಇಂಜಿನಿಯರ್. ತಲೆಗೆ ಅಗಲ ಟೋಪಿ, ಕೆಸರು ಕಂಡ ಶೂ. ಜೊತೆಗೆ ಅಳತೆಯ ಯಂತ್ರ, ಅಳತೆಗೋಲು ಹಿಡಿಯುವ ಇಬ್ಬರು ಆಳುಗಳು. ಹಿಂದೆಯೇ ಗುತ್ತಿಗೆದಾರರ ಕಾರು. ಅವರು ದಪ್ಪ ಆಸಾಮಿ, ಮಾತು ಜೋರು, ಆದರೆ ಆಳುಗಳ ಮನೆಯ ಮಕ್ಕಳ ಹೆಸರೆಲ್ಲ ಬಾಯಿಪಾಠ. ಕಾವಲಕ್ಕನನ್ನು ಕಂಡವರೇ, “ಬಂದೆಯಾ ತಾಯೀ! ನನ್ನ ಅನ್ನ ತಿಂದು ನನ್ನ ಮೇಲೇ ಕಣ್ಣಿಡೋಳು!” ಎನ್ನುತ್ತಾರೆ.

“ಅನ್ನ ತಿಂದು ಎಷ್ಟು ತಿಂಗಳಾಯ್ತು ಯಜಮಾನ್ರೇ, ಕಣ್ಣು ಮಾತ್ರ ಇಟ್ಟಿದೀನಿ,” ಎಂದು ಕಾವಲಕ್ಕ ಹೇಳಿದಾಗ ಗುತ್ತಿಗೆದಾರರೇ ಎಲ್ಲರಿಗಿಂತ ಮೊದಲು ನಗುತ್ತಾರೆ.

ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಳೆಯುವ ಮೊದಲು ಮೂರು ಸಾಕ್ಷಿಗಳನ್ನು ಸೀಳಿ ನೋಡಬೇಕೆಂದು ಮೇಲಧಿಕಾರಿಗಳ ಆದೇಶವಿದೆ ಎಂದು ಇಂಜಿನಿಯರ್ ತಿಳಿಸುತ್ತಾರೆ. ಮೇಲೆ ಮಣ್ಣು ಮೆತ್ತಿ ಎತ್ತರ ಮಾಡಿದ್ದರೆ ಸೀಳಿದಾಗ ಪದರ ಬೇರೆಯಾಗಿ ಕಾಣುತ್ತದೆ. ಆದರೆ ಸೀಳಿದ ಸಾಕ್ಷಿ ಮತ್ತೆ ನಿಲ್ಲುವುದಿಲ್ಲ, ಉದುರಿ ಗುಡ್ಡೆಯಾಗುತ್ತದೆ.

ಗುತ್ತಿಗೆದಾರರ ಮುಖ ಕೆಂಪಾಗುತ್ತದೆ. “ನಾಳೆ ಕೋರ್ಟಿಗೆ ಹೋದ್ರೆ ನಾನು ಏನು ತೋರಿಸ್ಲಿ ಮೇಡಂ, ಮಣ್ಣಿನ ಗುಡ್ಡೆನಾ? ಒಂದೇ ಒಂದಕ್ಕೆ ಗುದ್ದಲಿ ಬಿದ್ರೂ ನಾನು ಸಹಿ ಹಾಕಲ್ಲ.”

“ಸರ್, ನಾನು ಆದೇಶ ಮೀರೋಕಾಗಲ್ಲ.”

“ಹಾಗಾದ್ರೆ ಯಂತ್ರ ಜೀಪಿಗೆ ಹಾಕಿ. ವಕೀಲರು ಮಾತಾಡ್ಲಿ.”

ಏರಿಯ ಮೇಲೆ ನಿಂತ ಅಗೆಯುವವರ ಗುಂಪಿನಲ್ಲಿ ಯಾರೂ ಮಿಸುಕುವುದಿಲ್ಲ. ಕೋರ್ಟು ಎಂದರೆ ಎಷ್ಟು ವರ್ಷ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ದೊಡ್ಡವರು ಹಟ ಹಿಡಿದಾಗ ಬಿಸಿಲಲ್ಲಿ ನಿಲ್ಲುವವರು ಯಾವಾಗಲೂ ಮೂರನೆಯವರು.

ಕಾವಲಕ್ಕ ಕೋಲನ್ನು ಪಕ್ಕದಲ್ಲಿ ನಿಂತಿದ್ದ ಗಂಡನ ಕೈಗೆ ಕೊಟ್ಟು ಮುಂದೆ ಬರುತ್ತಾರೆ.

“ಮೇಡಂ, ಒಂದು ಮಾತು. ಆ ಏಳನೇದು ಬೆಳೆದಿದೆ.”

“ಬೆಳೆಯೋಕೆ ಅದೇನು ಕುಂಬಳಕಾಯೇನಮ್ಮಾ?” ಎಂದು ಗುತ್ತಿಗೆದಾರರು ತಿರುಗುತ್ತಾರೆ.

“ಗೆದ್ದಲು ಹತ್ತಿ ಕಟ್ಟಿದೆ ಯಜಮಾನ್ರೇ. ತಪ್ಪು ನಂದೇ. ಹಾಳೇನ ನೆತ್ತಿಗೆ ತಾಗಿಸಿ ಕಟ್ಟಬಾರದಿತ್ತು, ಕಟ್ಟಿದೆ. ಮಳೆ ಬಿಟ್ಟಾಗ ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ.”

ಏರಿಯ ಮೇಲೆ ಮೇಸ್ತ್ರಿ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ.

ಇಂಜಿನಿಯರ್ ಏಳನೆಯ ಸಾಕ್ಷಿಯ ಪಕ್ಕ ಮೆಟ್ಟಿಲೇಣಿ ಹಾಕಿಸಿ ಹತ್ತುತ್ತಾರೆ. ಪೆನ್ನಿನ ತುದಿಯಿಂದ ಒಂದು ಚೂರು ಕೆದಕಿದಾಗ ಬಿಳಿ ಹುಳುಗಳು ಗಾಬರಿಯಿಂದ ಹರಿದಾಡುತ್ತವೆ. ಕಾವಲಕ್ಕನ ಕಡೆ ತಿರುಗಿ, “ನೀವೇ ಬಂದು ಹೇಳ್ತಿದ್ದೀರಲ್ಲ?” ಎಂದು ಕೇಳುತ್ತಾರೆ.

“ಕಾವಲು ಕಾಯೋಳು ಇನ್ನೇನು ಹೇಳ್ಲಿ ಮೇಡಂ? ಇದನ್ನ ಅಳೆದ್ರೆ ಲೆಕ್ಕ ತಪ್ಪುತ್ತೆ. ಸೀಳಲೇಬೇಕು ಅಂತಿದ್ರೆ ಇದನ್ನೇ ಸೀಳಿ. ಹೇಗೂ ಕೆಟ್ಟುಹೋದ ಸಾಕ್ಷಿ.”

ಇಂಜಿನಿಯರ್ ಗುತ್ತಿಗೆದಾರರ ಕಡೆ ನೋಡುತ್ತಾರೆ. ಗುತ್ತಿಗೆದಾರರು ಗಲ್ಲ ಉಜ್ಜಿಕೊಳ್ಳುತ್ತಾರೆ. ಕೆಟ್ಟದ್ದನ್ನು ಉಳಿಸಿಕೊಂಡು ಹನ್ನೊಂದರ ಹೆಸರು ಕೆಡಿಸಿಕೊಳ್ಳುವಷ್ಟು ದಡ್ಡರಲ್ಲ ಅವರು. “ಇದೊಂದಕ್ಕೆ ನನ್ನ ತಕರಾರಿಲ್ಲ. ಇದೊಂದಕ್ಕೆ ಮಾತ್ರ.”

ಗುದ್ದಲಿ ಹಿಡಿದು ಬರುವವರು ಮೇಸ್ತ್ರಿಯೇ. ಅಕ್ಕನ ಮುಖ ನೋಡದೆ ಮೆಟ್ಟಿಲು ಹತ್ತಿ, ನೆತ್ತಿಯಿಂದ ನೇರವಾಗಿ ಕೆಳಗೆ ರೊಟ್ಟಿ ಕತ್ತರಿಸಿದಷ್ಟು ಮೆತ್ತಗೆ ಇಳಿಸುತ್ತಾರೆ. ಅರ್ಧ ಭಾಗ ಕಳಚಿ ಬೀಳುತ್ತದೆ. ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮೇಲೆ ಜೇನುಗೂಡಿನಂತೆ ತೂತು ತೂತಾದ ಕೆಮ್ಮಣ್ಣು. ಅದರ ಕೆಳಗೆ, ಗೆರೆ ಎಳೆದಂತೆ, ಕಪ್ಪು ಮೇಲ್ಮಣ್ಣು. ಅದರಿಂದ ಕೆಳಗೆ ಹಳದಿ. ಹಳೆಯ ನೆಲ ಎಲ್ಲಿತ್ತು ಎನ್ನುವುದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಇಂಜಿನಿಯರ್ ಮತ್ತೆ ಮೆಟ್ಟಿಲು ಹತ್ತಿ, ಅಳತೆಪಟ್ಟಿ ಹಿಡಿದು ಅಳೆಯುತ್ತಾರೆ. “ನಾಲ್ಕು ಬೆರಳಿಲ್ಲಮ್ಮಾ, ಮೂರೇ ಇದೆ.”

“ಹೌದಾ? ಹೆದರಿಕೆಗೆ ಒಂದು ಬೆರಳು ಹೆಚ್ಚು ಕಂಡಿರಬೇಕು,” ಎನ್ನುತ್ತಾರೆ ಕಾವಲಕ್ಕ.

ಆದರೆ ಆದೇಶದಲ್ಲಿರುವುದು ಮೂರು. ಇಂಜಿನಿಯರ್ ಫೋನು ಹಿಡಿದು ಏರಿ ಹತ್ತುತ್ತಾರೆ. ತಳದಲ್ಲಿ ಸಿಗ್ನಲ್ ಸಿಗುವುದಿಲ್ಲ. ಮೇಲಧಿಕಾರಿಯ ಜೊತೆ ಮಾತು ಉದ್ದವಾಗುತ್ತದೆ. ಕೆಳಗಿದ್ದವರಿಗೆ ಕಾಣುವುದು ಅವರ ಬೆನ್ನು, ಆಗಾಗ ಮೇಲೇಳುವ ಒಂದು ಕೈ. ಗುತ್ತಿಗೆದಾರರು ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತಾರೆ. ಅಗೆಯುವವರಲ್ಲಿ ಒಬ್ಬರು, “ಕೈ ಎತ್ತಿದ್ರು, ಆಯ್ತು ಅಂತಾನಾ, ಹೋಯ್ತು ಅಂತಾನಾ?” ಎಂದು ಪಿಸುಗುಡುತ್ತಾರೆ. “ನೊಣ ಓಡಿಸ್ತಿದಾರೆ, ಸುಮ್ನಿರು,” ಎಂದು ಇನ್ನೊಬ್ಬರ ಉತ್ತರ. ಯಾರೂ ನಗುವುದಿಲ್ಲ. ಕಾವಲಕ್ಕ ಮಾತ್ರ ಬಿದ್ದ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗೂಡು ಕಳೆದುಕೊಂಡ ಹುಳುಗಳ ಸಾಲು ಬಂಡೆಯ ಸಂದಿಗೆ ಇಳಿಯುವುದನ್ನು ನೋಡುತ್ತಿದ್ದಾರೆ.

ಇಂಜಿನಿಯರ್ ಇಳಿದು ಬಂದು, “ಒಂದು ಸಾಕಂತೆ,” ಎನ್ನುತ್ತಾರೆ. “ಆದರೆ ಬರೆಯೋದು ಬರೀಬೇಕು.” ಬರೆದದ್ದನ್ನು ಎಲ್ಲರೆದುರು ಓದುತ್ತಾರೆ: ಏಳನೆಯ ಸಾಕ್ಷಿಯಲ್ಲಿ ಕಾವಲಿನ ಲೋಪವಾಗಿದೆ, ಕಾವಲುಗಾರ್ತಿ ಅಳತೆಗೆ ಮೊದಲೇ ತಾವಾಗಿ ತಿಳಿಸಿದ್ದಾರೆ, ಉಳಿದ ಹನ್ನೊಂದನ್ನು ಸೀಳುವ ಅಗತ್ಯ ಕಂಡುಬಂದಿಲ್ಲ.

“ಲೋಪ ಅಂತ ಬರೆದೆ ಅಂತ ಬೇಜಾರು ಮಾಡ್ಕೋಬೇಡಿ ಅಮ್ಮಾ.”

“ಇದ್ದದ್ದನ್ನ ಬರೆದಿದೀರಿ.”

ಗಂಡನಿಗೆ ಮಾತ್ರ ತಡೆಯಲಾಗುವುದಿಲ್ಲ. “ನೋಡು, ಇಷ್ಟು ವರ್ಷಕ್ಕೆ ಸರ್ಕಾರಿ ಕಾಗದದಲ್ಲಿ ನಿನ್ನ ಸುದ್ದಿ ಬಂತು. ಅದೂ ಬೈದು!” ಈ ಸಲ ಏರಿಯ ಮೇಲಿನವರೆಲ್ಲ ನಗುತ್ತಾರೆ.

ಮಧ್ಯಾಹ್ನವೆಲ್ಲ ಅಳತೆ ನಡೆಯುತ್ತದೆ. ಒಂದೊಂದು ಸಾಕ್ಷಿಯ ಹಾಳೆ ಬಿಚ್ಚುವವರು ಕಾವಲಕ್ಕ. ಅಳತೆಗೋಲನ್ನು ನೆತ್ತಿಯ ಮೇಲೆ ಹೂವಿನಂತೆ ಇಡಿಸುವವರೂ ಅವರೇ. ಹಳೆಯ ನೆಲ ಇಲಾಖೆ ಹೇಳಿದ್ದಕ್ಕಿಂತ ಮೇಲಿದೆ, ಗುತ್ತಿಗೆದಾರರು ಹೇಳಿದ್ದಕ್ಕಿಂತ ಕೆಳಗಿದೆ. ಇಬ್ಬರಿಗೂ ಪೂರ್ತಿ ಸಂತೋಷವಾಗಿಲ್ಲ. ಅಳತೆ ಸರಿಯಾಗಿದೆ ಎನ್ನಲು ಇಷ್ಟು ಸಾಕು. ಸಂಜೆಯ ಹೊತ್ತಿಗೆ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಇಬ್ಬರೂ ಸಹಿ ಹಾಕುತ್ತಾರೆ. ಸಹಿ ಬಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಬಿಲ್ಲು ಇನ್ನೂ ಎಷ್ಟೋ ಮೇಜು ದಾಟಬೇಕು. ಆದರೆ ಇನ್ನು ಮೇಲೆ ಅದು ನಡೆಯುವ ಬಿಲ್ಲು, ಕೂತ ಬಿಲ್ಲಲ್ಲ. ಕೂಲಿಯ ಒಂದು ಭಾಗವನ್ನು ಇದೇ ವಾರ ತಮ್ಮ ಕೈಯಿಂದ ಕೊಡುವುದಾಗಿ ಗುತ್ತಿಗೆದಾರರು ಇಂಜಿನಿಯರ್ ಎದುರಿಗೇ ಮೇಸ್ತ್ರಿಗೆ ಹೇಳುತ್ತಾರೆ.

ನಾಳೆಯಿಂದ ಈ ಹನ್ನೊಂದೂ ನೆಲಸಮವಾಗುತ್ತವೆ. ತಳಕ್ಕೆ ಕಾಂಕ್ರೀಟು ಹಾಕುವವರು ಬರುತ್ತಾರೆ. ಇಷ್ಟು ಕಾದದ್ದನ್ನು ಕೆಡವುವಾಗ ಸಂಕಟವಾಗುವುದಿಲ್ಲವೇ ಎಂದರೆ ಕಾವಲಕ್ಕನಿಗೆ ಆಶ್ಚರ್ಯ. “ಸಂಕಟ ಯಾಕೆ? ಅಳೆದಾದ ಮೇಲೆ ಅದು ಬರೀ ಮಣ್ಣು. ಇದ್ರೆ ನೀರಿಗೆ ಅಡ್ಡ.” ಹಾಳೆ ಮಡಿಸುತ್ತಾ, “ನನಗೆ ಆಸೆ ಅಂತ ಇರೋದು ಒಂದೇ. ಇಷ್ಟು ಕಾಲುವೆ ಕಾದೆ, ಒಂದರಲ್ಲೂ ನೀರು ಬಿಟ್ಟಿದ್ದು ನೋಡಿಲ್ಲ. ನಾವು ಗಂಟುಮೂಟೆ ಕಟ್ಟಿದ ಮೇಲೇ ಅದು ಬರೋದು. ಒಂದು ಸಲ ನಿಂತು ನೋಡಬೇಕು,” ಎನ್ನುತ್ತಾರೆ.

ಹೊತ್ತು ಮುಳುಗುವಾಗ ಮೇಸ್ತ್ರಿ ತಗಡಿನ ಕೋಣೆಗೆ ಬರುತ್ತಾರೆ. ಒಳಗೆ ಬರುವುದಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಾರೆ. ಭಾವ ಚಹಾ ಲೋಟ ಚಾಚುತ್ತಾರೆ. ಮೇಸ್ತ್ರಿ ಅರ್ಧ ಲೋಟ ಕುಡಿಯುತ್ತಾರೆ.

“ಮುಂದಿನ ತುಂಡು ಶುರುವಾಗುತ್ತಂತೆ,” ಎನ್ನುತ್ತಾರೆ ಮೇಸ್ತ್ರಿ, ಲೋಟದೊಳಗೆ ನೋಡುತ್ತಾ. “ಕಾವಲಿಗೆ ನಿನ್ನನ್ನೇ ಕೇಳ್ತಿದ್ರು. ಯಜಮಾನ್ರೂ ಕೇಳಿದ್ರು, ಆ ಮೇಡಮ್ಮೂ ಕೇಳಿದ್ರು.”

“ನೀನೇನಂದೆ?”

“ಬೇಡ ಅಂದೆ. ಒಡಹುಟ್ಟಿದ ಅಕ್ಕ, ಆದ್ರೂ ನನ್ನ ಒಂದು ಮಾತು ಕೇಳಲ್ಲ ಅವಳು ಅಂದೆ.”

“ಅದಕ್ಕೆ?”

“ಅದಕ್ಕೇ ಅವರು ಬೇಕು ಅಂದ್ರು, ಇಬ್ಬರೂ ಒಟ್ಟಿಗೆ.” ಮೇಸ್ತ್ರಿ ಉಳಿದ ಚಹಾ ಒಂದೇ ಗುಟುಕಿಗೆ ಮುಗಿಸುತ್ತಾರೆ. “ಈ ಕಾಲುವೆ ಶುರುವಾದಾಗಿಂದ ಅವರಿಬ್ಬರೂ ತಕರಾರಿಲ್ಲದೆ ಒಪ್ಪಿದ್ದು ಇದೊಂದೇ ಮಾತು, ಅಕ್ಕ.”